ಓಪನ್ ಸೋರ್ಸ್ ಕೆಲಸದಲ್ಲಿ ಮನಸ್ತಾಪ ಬಂದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಓಪನ್ ಸೋರ್ಸ್ ಕೆಲಸಕ್ಕೆ, ಅಂದರೆ ಯಾರು ಬೇಕಾದರೂ ನೋಡಿ ತಿದ್ದಬಹುದಾದ ತಂತ್ರಾಂಶ ಕಟ್ಟುವ ಕೆಲಸಕ್ಕೆ, ಹೊಸದಾಗಿ ಕೈಹಾಕಿದವರು ನನ್ನ ಹತ್ತಿರ ಗಿಟ್ (ಕೋಡಿನ ಬದಲಾವಣೆಗಳ ಲೆಕ್ಕ ಇಡುವ ತಂತ್ರಾಂಶ) ಬಗ್ಗೆ ಕೇಳುವುದು ಒಂದೆರಡು ವಾರ ಅಷ್ಟೆ. ಆಮೇಲಿನ ಪ್ರಶ್ನೆಗಳೆಲ್ಲ ಜನರ ಬಗ್ಗೆ. "ಅವರು ಹೀಗಂದುಬಿಟ್ಟರು, ಈಗೇನು ಮಾಡಲಿ?" ಕನ್ನಡ ಅನುವಾದ, ಫಾಂಟ್, ಸಣ್ಣಪುಟ್ಟ ಪ್ಯಾಚ್ (ತಂತ್ರಾಂಶಕ್ಕೆ ಕಳಿಸುವ ತಿದ್ದುಪಡಿ) ಎಂದು ಹದಿನೈದು ವರ್ಷ ಇದರಲ್ಲೇ ಓಡಾಡಿದ್ದೇನೆ. ಜಗಳ ಆಡಿ ಹೊರನಡೆದವರನ್ನು ಬೆರಳೆಣಿಕೆಯಷ್ಟು ಕಂಡಿದ್ದೇನೆ. ಮನಸ್ಸಿಗೆ ನೋವಾಗಿ, ಒಂದು ಮಾತೂ ಆಡದೆ, ಮೆಲ್ಲಗೆ ಬರುವುದನ್ನೇ ನಿಲ್ಲಿಸಿದವರು ತುಂಬಾ ಜನ. ಎಲ್ಲರೂ ಒಳ್ಳೆಯ ಕೆಲಸಗಾರರು. ಅವರು ಯಾಕೆ ಹೋದರೆಂದು ಎದುರಿನವರಿಗೆ ಇವತ್ತಿಗೂ ಗೊತ್ತಿಲ್ಲ. ಹಾಗೆ ಸುಮ್ಮನಾಗುವ ಮೊದಲು ಇದನ್ನೊಮ್ಮೆ ಓದಿ.

ಮೊದಲ ಪ್ಯಾಚ್ ಹಾಕಿದೆ. "ಇದು ತಪ್ಪು, ವಾಪಸ್ ತೆಗೆಯಿರಿ" ಎಂದಷ್ಟೇ ಉತ್ತರ ಬಂತು. ಅವರಿಗೆ ನನ್ನ ಮೇಲೆ ಸಿಟ್ಟೇ?

ಬಹುಮಟ್ಟಿಗೆ ಇಲ್ಲ. ನನಗೂ ಇಂಥದ್ದೇ ಉತ್ತರ ಬಂದಿತ್ತು. ಒಂದು ಡೆಸ್ಕ್‌ಟಾಪ್ ಯೋಜನೆಗೆ ಎರಡು ವಾರ ರಾತ್ರಿ ಕೂತು ನಾನೂರು ಸಾಲು ಕನ್ನಡಕ್ಕೆ ತಂದು ಕಳಿಸಿದ್ದೆ. ರಾತ್ರಿ ಹನ್ನೊಂದಕ್ಕೆ ಉತ್ತರ ಬಂತು, ಇಂಗ್ಲಿಷಿನ ನಾಲ್ಕೇ ಪದ. ನಮಸ್ಕಾರವಿಲ್ಲ, ಕಾರಣವಿಲ್ಲ. ಎದೆ ಧಸಕ್ಕೆಂದಿತು. ಕನ್ನಡದ ಗಂಧಗಾಳಿ ಇಲ್ಲದ ನೀವು ನನ್ನ ಕನ್ನಡ ತಪ್ಪೆಂದು ಹೇಗೆ ಹೇಳುತ್ತೀರಿ ಎಂದು ಒಂದೂವರೆ ಪುಟ ಬರೆದೆ. ಕಳಿಸಬೇಕು ಅನ್ನುವಷ್ಟರಲ್ಲಿ ಕರೆಂಟ್ ಹೋಯಿತು.

ಬೆಳಿಗ್ಗೆ ಎದ್ದು ಕಡತ ತೆರೆದು ನೋಡಿದೆ. ಮೂಲದ ಒಂದು ವಾಕ್ಯದಲ್ಲಿ 'ಪರ್ಸೆಂಟ್ ಎಸ್' ಎಂಬ ಗುರುತು ಎರಡು ಕಡೆ ಇತ್ತು. ಒಂದರ ಜಾಗಕ್ಕೆ ಕಡತದ ಹೆಸರು ಬರಬೇಕು, ಇನ್ನೊಂದಕ್ಕೆ ಫೋಲ್ಡರಿನ ಹೆಸರು. ವಾಕ್ಯ ಸರಾಗವಾಗಲಿ ಎಂದು ನಾನು ಒಂದನ್ನು ಕೈಬಿಟ್ಟಿದ್ದೆ. ಅದರಿಂದ ಇಡೀ ಬಿಲ್ಡ್, ಅಂದರೆ ಕೋಡಿನಿಂದ ತಂತ್ರಾಂಶ ತಯಾರಾಗುವ ಕೆಲಸ, ನಿಂತುಹೋಗಿತ್ತು. ಅನುವಾದದ ಕಡತವನ್ನು ಪರೀಕ್ಷಿಸುವ ಎಂಎಸ್‌ಜಿಎಫ್‌ಎಂಟಿ ಆದೇಶವನ್ನು ನಾನು ಮೊದಲೇ ಓಡಿಸಿದ್ದರೆ ಅರೆಕ್ಷಣದಲ್ಲಿ ತಿಳಿಯುತ್ತಿತ್ತು. ಆ ನಾಲ್ಕು ಪದಗಳಿಗೂ ನನ್ನ ಕನ್ನಡಕ್ಕೂ ಸಂಬಂಧವೇ ಇರಲಿಲ್ಲ.

ನಮ್ಮ ಕಿವಿಯ ಅಭ್ಯಾಸವೂ ಇದರಲ್ಲಿ ಸೇರಿಕೊಂಡಿದೆ. ಕನ್ನಡದಲ್ಲಿ ತಪ್ಪು ತೋರಿಸುವಾಗ 'ಸ್ವಲ್ಪ ನೋಡ್ತೀರಾ', 'ಹೀಗಿದ್ರೆ ಹೇಗೆ', 'ಅನ್ನಿಸುತ್ತಪ್ಪ' ಎಂದು ಮಾತಿಗೆ ಮೆತ್ತೆ ಹಾಕುತ್ತೇವೆ. ಆ ಮೆತ್ತೆ ಇಲ್ಲದ ಮಾತು ನಮಗೆ ಗದರಿಸಿದಂತೆ ಕೇಳುತ್ತದೆ. ಎದುರಿಗಿರುವವರು ಜರ್ಮನಿಯವರೋ ಫಿನ್‌ಲೆಂಡಿನವರೋ ಆಗಿರಬಹುದು. ಇಂಗ್ಲಿಷ್ ಅವರಿಗೂ ಎರಡನೆಯ ಭಾಷೆ. ಆಫೀಸಿಗೆ ಹೊರಡುವ ಮುಂಚೆ ಇಪ್ಪತ್ತು ನೋಟಿಫಿಕೇಶನ್ ಮುಗಿಸುವ ಅವಸರದಲ್ಲಿ ಬರೆದಿರುತ್ತಾರೆ. "ಯಾವ ಸಾಲಿನಲ್ಲಿ ತಪ್ಪಾಗಿದೆ ಎಂದು ತೋರಿಸಿದರೆ ಸರಿಮಾಡಿ ಕಳಿಸುತ್ತೇನೆ" ಎಂದು ಒಂದು ಸಾಲು ಬರೆಯಿರಿ. ಹತ್ತರಲ್ಲಿ ಎಂಟು ಸಲ ಮುಂದಿನ ಉತ್ತರ ತಣ್ಣಗಿರುತ್ತದೆ.

ಉತ್ತರ ನಿಜಕ್ಕೂ ಒರಟಾಗಿದ್ದರೆ? ಹೇಗೆ ಬರೆಯಲಿ?

ಅಂದುಕೊಳ್ಳಿ, ರಿವ್ಯೂನಲ್ಲಿ, ಅಂದರೆ ಪ್ಯಾಚ್ ಪರಿಶೀಲಿಸಿದವರ ಟಿಪ್ಪಣಿಯಲ್ಲಿ, ಹೀಗೆ ಬಂದಿದೆ: "ಇದೇನು ಅವಸ್ಥೆ? ಈ ಫಂಕ್ಷನ್ ಎರಡು ಕಡೆ ಯಾಕಿದೆ? ಟೆಸ್ಟ್ ಮಾಡಿದ್ದೀರಾದರೂ?" ಇದನ್ನು ಕಾಗದದ ಮೇಲೆ ಬಿಡಿಸಿ ಬರೆದುಕೊಳ್ಳಿ. ಎರಡು ತಾಂತ್ರಿಕ ಪ್ರಶ್ನೆ ಇವೆ, ಒಂದು ಚುಚ್ಚುಮಾತು ಇದೆ. ಪ್ರಶ್ನೆಗಳಿಗೆ ಉತ್ತರ ಕೊಡಿ: "ಎರಡು ಕಡೆ ಇದ್ದದ್ದು ಹೌದು, ಈಗ ಒಂದೇ ಮಾಡಿದ್ದೇನೆ. 64 ಬಿಟ್ ಯಂತ್ರದಲ್ಲಿ ಟೆಸ್ಟ್ ಮಾಡಿದ್ದೆ. 32 ಬಿಟ್‌ನಲ್ಲಿ ಮಾಡಿರಲಿಲ್ಲ, ಈಗ ಅದೂ ಆಯಿತು." ಚುಚ್ಚುಮಾತನ್ನು ಅಲ್ಲೇ ಬಿಡಿ.

ಅದೇ ವ್ಯಕ್ತಿ ಎರಡನೆಯ ಸಲವೂ ಹಾಗೇ ಬರೆದರೆ ನುಂಗಿಕೊಂಡು ಕೂರಬೇಡಿ. ನಾವು ಎಡವುವುದು ಇಲ್ಲೇ. ಮೊದಲ ಸಲ ನುಂಗುತ್ತೇವೆ, ಎರಡನೆಯ ಸಲ ನುಂಗುತ್ತೇವೆ, ಮೂರನೆಯ ಸಲ ಮಾಯವಾಗುತ್ತೇವೆ. ಅದರ ಬದಲು ಹೇಳಿಬಿಡಿ: "ಕೋಡಿನಲ್ಲಿ ತಪ್ಪಿದ್ದರೆ ನೇರವಾಗಿ ಹೇಳಿ, ನನಗೆ ಬೇಸರವಿಲ್ಲ. 'ಇದೇನು ಅವಸ್ಥೆ' ಎಂಬಂಥ ಮಾತಿನಿಂದ ಏನನ್ನು ತಿದ್ದಬೇಕೆಂದು ತಿಳಿಯುವುದಿಲ್ಲ, ಕೆಲಸ ಮಾಡುವ ಮನಸ್ಸೂ ಹೋಗುತ್ತದೆ." ಅಷ್ಟೇ ಸಾಕು. ಅದಕ್ಕೆ ಮೇಲೊಂದು ಭಾಷಣ ಬೇಡ, ಹಳೆಯ ಲೆಕ್ಕ ತೆಗೆಯುವುದೂ ಬೇಡ. ಈ ಮಾತು ಕೇಳಿ ಕ್ಷಮೆ ಕೇಳಿದವರನ್ನು ನಾನು ಕಂಡಿದ್ದೇನೆ. ತಮ್ಮ ಮಾತು ಹಾಗೆ ಕೇಳಿಸುತ್ತದೆ ಎಂದು ಅವರಿಗೆ ಅದುವರೆಗೆ ಯಾರೂ ಹೇಳಿರಲಿಲ್ಲ.

ಇನ್ನೊಂದು ಮಾತು. ಸಿಟ್ಟಿನಲ್ಲಿ ಬರೆಯುವುದಾದರೆ ಬ್ರೌಸರಿನ ಪೆಟ್ಟಿಗೆಯಲ್ಲಿ ಬರೆಯಬೇಡಿ, ಬೇರೆ ಎಡಿಟರಿನಲ್ಲಿ ಬರೆಯಿರಿ. ಎಂಟರ್ ಒತ್ತಿದರೆ ಅಲ್ಲಿಂದ ಎಲ್ಲಿಗೂ ಹೋಗುವುದಿಲ್ಲ.

ಮೇಂಟೇನರನ್ನು "ಸರ್" ಎನ್ನಬೇಕೇ?

ಬೇಡ. ಮೇಂಟೇನರ್ ಎಂದರೆ ಯೋಜನೆಯನ್ನು ನೋಡಿಕೊಳ್ಳುವವರು, ಅಷ್ಟೆ. ಹೆಸರು ಹಿಡಿದು ಕರೆಯುವುದು ಅಲ್ಲಿನ ರೂಢಿ, ಅದರಲ್ಲಿ ಅಗೌರವವಿಲ್ಲ. ಅಲ್ಲದೆ ಆ ಕಡೆ ಇರುವವರು ಹೆಣ್ಣೋ ಗಂಡೋ ನಿಮಗೆ ಗೊತ್ತಿರುವುದಿಲ್ಲ. 'ಸರ್' ಎಂದುಕೊಂಡರೆ ಇನ್ನೊಂದು ತೊಂದರೆಯೂ ಇದೆ: ಅವರು ಹೇಳಿದ್ದು ತಪ್ಪೆಂದು ಕಂಡಾಗ ಹೇಳಲು ಬಾಯಿ ಬರುವುದಿಲ್ಲ.

ಪ್ಯಾಚ್ ಹಾಕಿ ಮೂರು ವಾರವಾಯಿತು, ಯಾರೂ ತಿರುಗಿ ನೋಡಿಲ್ಲ. ನೆನಪಿಸಿದರೆ ತಪ್ಪಾಗುತ್ತದೆಯೇ?

ಇಲ್ಲ, ನೆನಪಿಸಬೇಕು. ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಲಿನಕ್ಸ್ ಕರ್ನಲ್‌ನ ಸ್ವಂತ ಮಾರ್ಗದರ್ಶಿಯೇ ಉತ್ತರಕ್ಕೆ ಎರಡು ಮೂರು ವಾರ ಹಿಡಿಯಬಹುದು, ನೆನಪಿಸುವ ಮೊದಲು ಕನಿಷ್ಠ ಒಂದು ವಾರ ಕಾಯಿರಿ ಎನ್ನುತ್ತದೆ. ಎಲ್‌ಎಲ್‌ವಿಎಂ ಎಂಬ ಕಂಪೈಲರ್ (ಕೋಡನ್ನು ಯಂತ್ರದ ಭಾಷೆಗೆ ತರುವ ತಂತ್ರಾಂಶ) ಯೋಜನೆಯಲ್ಲಿ ವಾರಕ್ಕೊಮ್ಮೆ 'ಪಿಂಗ್' ಎಂದು ಬರೆಯುವುದು ಮಾಮೂಲು. ನಿಮ್ಮ ಯೋಜನೆಯ ರೂಢಿ ಏನೆಂದು ಅದರ ಕಾಂಟ್ರಿಬ್ಯೂಟಿಂಗ್ ಕಡತದಲ್ಲಿ ಇರುತ್ತದೆ, ನೋಡಿ.

ನೆನಪಿಸುವಾಗ ಓದುವವರ ಹೊರೆ ಇಳಿಸಿ. "ಇದು ಇಂಥ ದೋಷಕ್ಕೆ ಪರಿಹಾರ, ಹದಿನೆಂಟು ಸಾಲಿನ ಬದಲಾವಣೆ, ಹೊಸ ಆವೃತ್ತಿಗೆ ಹೊಂದುವಂತೆ ರೀಬೇಸ್ ಮಾಡಿದ್ದೇನೆ" ಎಂದರೆ ಚಹಾ ಕುಡಿಯುವಷ್ಟರಲ್ಲಿ ನೋಡಿ ಮುಗಿಸಬಹುದೆಂದು ಅವರಿಗೆ ತಿಳಿಯುತ್ತದೆ. ಬರೀ "ಎನಿ ಅಪ್‌ಡೇಟ್?" ಎಂದರೆ ಅವರೇ ಎಲ್ಲ ಮೊದಲಿಂದ ಓದಬೇಕು.

ಮೇಂಟೇನರ್ ತುಂಬಾ ನಿಧಾನ. ನಾಲ್ಕೈದು ಜನ ಸೇರಿ ಒತ್ತಡ ಹಾಕಿದರೆ ಕೆಲಸ ಆಗುವುದಿಲ್ಲವೇ?

ದಯವಿಟ್ಟು ಮಾಡಬೇಡಿ. ಎಕ್ಸ್‌ಝಡ್ ಎಂಬ ಸಣ್ಣ ಕಂಪ್ರೆಶನ್ ತಂತ್ರಾಂಶದ ಕಥೆ ಇದಕ್ಕೆ ಸಾಕ್ಷಿ. ಜಗತ್ತಿನ ಬಹುತೇಕ ಲಿನಕ್ಸ್ ಯಂತ್ರಗಳಲ್ಲಿ ಅದು ಇರುತ್ತದೆ. ವರ್ಷಗಟ್ಟಲೆ ಅದನ್ನು ನೋಡಿಕೊಂಡವರು ಲಾಸೆ ಕಾಲಿನ್ ಎಂಬ ಒಬ್ಬರೇ, ಅದೂ ಸಂಬಳವಿಲ್ಲದೆ. 2022ರಲ್ಲಿ ಹಿಂದುಮುಂದು ತಿಳಿಯದ ಕೆಲವು ಖಾತೆಗಳಿಂದ ಅವರ ಮೇಲೆ ದೂರು ಶುರುವಾಯಿತು. ಪ್ಯಾಚ್‌ಗಳು ಕೊಳೆಯುತ್ತಿವೆ, ಯೋಜನೆಯನ್ನು ಬೇರೆಯವರಿಗೆ ಕೊಡಿ ಎಂಬ ಧಾಟಿ. ತನಗೆ ಬಹುಕಾಲದಿಂದ ಮಾನಸಿಕ ಆರೋಗ್ಯದ ತೊಂದರೆ ಇದೆ, ಇದು ಹಣ ಬಾರದ ಹವ್ಯಾಸದ ಕೆಲಸ ಎಂದು ಅವರು ಆ ಜೂನ್‌ನಲ್ಲಿ ಬಹಿರಂಗವಾಗಿಯೇ ಬರೆದರು. ಆದರೂ ಒತ್ತಡ ನಿಲ್ಲಲಿಲ್ಲ. ಅದೇ ಹೊತ್ತಿಗೆ 'ಜಿಯಾ ಟಾನ್' ಎಂಬ ಹೆಸರಿನ ಸಹಾಯಕರೊಬ್ಬರು ತಾಳ್ಮೆಯಿಂದ ಪ್ಯಾಚ್ ಕಳಿಸುತ್ತ, ವಿಶ್ವಾಸ ಗಳಿಸಿ, ಕಡೆಗೆ ಬಿಡುಗಡೆ ಮಾಡುವ ಅಧಿಕಾರವನ್ನೇ ಪಡೆದರು. 2024ರಲ್ಲಿ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕದ್ದು ಒಳನುಗ್ಗಲು ಇಟ್ಟ ಹಿಂಬಾಗಿಲು ಕೂತಿತ್ತು. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್‌ಗೆ ಎಸ್‌ಎಸ್‌ಎಚ್ ಲಾಗಿನ್ (ದೂರದ ಯಂತ್ರದ ಒಳಗೆ ಹೋಗುವುದು) ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದೆ ಅನ್ನಿಸಿ, ಜಾಡು ಹಿಡಿದು ಹೋಗಿ, ಮಾರ್ಚ್ 29ರಂದು ಅದನ್ನು ಬಯಲು ಮಾಡಿದರು.

ಅಲ್ಲಿ ಒತ್ತಡ ಹಾಕಿದ ಖಾತೆಗಳು ಅದೇ ಸಂಚಿನ ಭಾಗವಾಗಿದ್ದವು ಎಂಬುದೇ ಪರಿಣತರ ಅನುಮಾನ. ನೀವು ಒಳ್ಳೆಯ ಮನಸ್ಸಿನವರೇ ಇರಬಹುದು. ಆದರೆ ಒಬ್ಬಂಟಿ ಮೇಂಟೇನರಿಗೆ ಆ ಸಂದೇಶ ಮತ್ತು ನಿಮ್ಮ ಸಂದೇಶ ಒಂದೇ ಥರ ಕಾಣುತ್ತವೆ. ಕೆಲಸ ಬೇಗ ಆಗಬೇಕೆಂದರೆ ಅವರ ಹೊರೆಯಲ್ಲಿ ಒಂದಿಷ್ಟು ಹೊರಿ. ಹಳೆಯ ಇಶ್ಯೂಗಳನ್ನು (ಬಳಕೆದಾರರು ದಾಖಲಿಸಿದ ದೋಷಗಳನ್ನು) ಓಡಿಸಿ ನೋಡಿ, ದೋಷ ಇನ್ನೂ ಇದೆಯೋ ಇಲ್ಲವೋ ಬರೆಯಿರಿ. ಬೇರೆಯವರ ಪ್ಯಾಚ್ ಟೆಸ್ಟ್ ಮಾಡಿ.

ಒಂದು ಪದಕ್ಕೆ, ಒಂದು ಹೆಸರಿಗೆ ನೂರು ಕಾಮೆಂಟ್. ದೊಡ್ಡ ಬದಲಾವಣೆಗೆ ಒಂದೂ ಇಲ್ಲ. ಯಾಕೆ ಹೀಗೆ?

ಇದಕ್ಕೆ 'ಬೈಕ್‌ಶೆಡ್ಡಿಂಗ್' ಎಂದು ಹೆಸರೇ ಬಿದ್ದಿದೆ. ಅಣುಸ್ಥಾವರದ ಯೋಜನೆ ಚರ್ಚೆಯಿಲ್ಲದೆ ಪಾಸಾಗುತ್ತದೆ, ಸೈಕಲ್ ನಿಲ್ಲಿಸುವ ಶೆಡ್ಡಿನ ವಿಷಯಕ್ಕೆ ಬಂದರೆ ಎಲ್ಲರಿಗೂ ಅಭಿಪ್ರಾಯವಿರುತ್ತದೆ ಎಂದು ಬ್ರಿಟಿಷ್ ಲೇಖಕ ಪಾರ್ಕಿನ್ಸನ್ 1957ರಲ್ಲಿ ಬರೆದರು. 1999ರಲ್ಲಿ ಫ್ರೀಬಿಎಸ್‌ಡಿ ಎಂಬ ಕಾರ್ಯಾಚರಣಾ ವ್ಯವಸ್ಥೆಯ ಯೋಜನೆಯಲ್ಲಿ, ಹೇಳಿದಷ್ಟು ಹೊತ್ತು ಕಾಯುವ 'ಸ್ಲೀಪ್' ಎಂಬ ಪುಟ್ಟ ಆದೇಶ ಸೆಕೆಂಡಿನ ಭಾಗಗಳನ್ನೂ ಒಪ್ಪಬೇಕೇ ಎಂದು ದೊಡ್ಡ ವಾದ ಎದ್ದಾಗ ಅಲ್ಲಿನ ಅಭಿವೃದ್ಧಿಕಾರ ಪೌಲ್-ಹೆನ್ನಿಂಗ್ ಕಾಂಪ್ ಈ ಹೋಲಿಕೆಯನ್ನು ತಂದರು. ಅಂದಿನಿಂದ ತಂತ್ರಾಂಶದವರ ಬಾಯಲ್ಲಿ ಇದು ಉಳಿಯಿತು.

ನಮ್ಮ ಕನ್ನಡ ಅನುವಾದದ ಮಂದಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. 'ಕಡತ'ವೋ 'ಫೈಲ್' ಎಂದೇ ಇರಲೋ? 'ಸೆಟ್ಟಿಂಗ್ಸ್' ಎಂದರೆ 'ಸಿದ್ಧತೆ'ಯೋ 'ಹೊಂದಿಕೆ'ಯೋ? ಮಹಾಪ್ರಾಣ ಬೇಕೋ ಬೇಡವೋ? ಒಂದು ರಾತ್ರಿ ಇಡೀ ಗುಂಪು 'ಡೌನ್‌ಲೋಡ್' ಒಂದರ ಮೇಲೆ ಕಾದಾಡಿದ್ದನ್ನು ನೋಡಿದ್ದೇನೆ. ಮಾತು ಪದದಿಂದ ಶುರುವಾಗಿ, ನೀನು ಸಂಸ್ಕೃತದ ಬಾಲ ಹಿಡಿದವನು, ನೀನು ಇಂಗ್ಲಿಷಿಗೆ ಮಾರಿಕೊಂಡವನು ಎಂಬಲ್ಲಿಗೆ ಹೋಗಿ ನಿಂತಿತು. ಬೆಳಗಾಗುವಷ್ಟರಲ್ಲಿ ಇಬ್ಬರು ಗುಂಪು ಬಿಟ್ಟಿದ್ದರು. ಆ ತಿಂಗಳು ಒಂದೇ ಒಂದು ಸಾಲು ಅನುವಾದವಾಗಲಿಲ್ಲ.

ಇಂಥ ಕಡೆ ಬಿಸಿ ಇರಬಾರದು ಎಂದು ನಾನು ಹೇಳುವುದಿಲ್ಲ. ಭಾಷೆ ಎಂದಮೇಲೆ ಕರುಳಿನ ಮಾತು. ಆದರೆ ನಿರ್ಧಾರಕ್ಕೊಂದು ಜಾಗ, ಒಂದು ದಿನ ಗೊತ್ತುಮಾಡಿಕೊಳ್ಳಬೇಕು. ಒಂದು ಪದಪಟ್ಟಿ ಇಟ್ಟುಕೊಳ್ಳಿ. ಪ್ರತಿ ಪದದ ಮುಂದೆ ಆಯ್ದ ರೂಪ, ಯಾಕೆ ಆಯ್ದೆವು ಎಂದು ಒಂದು ಸಾಲು, ತಾರೀಖು. ಒಪ್ಪದವರ ಮಾತನ್ನೂ ಅಲ್ಲೇ ದಾಖಲಿಸಿ. ತನ್ನ ಮಾತು ಬರಹದಲ್ಲಿ ಉಳಿದಿದೆ ಎಂದರೆ ಸೋತವರಿಗೂ ಅರ್ಧ ಸಮಾಧಾನ. ಆರು ತಿಂಗಳು ಆ ಪದವನ್ನು ಮತ್ತೆ ಎತ್ತುವಂತಿಲ್ಲ. ಆಮೇಲೆ ಬಳಸಿದವರನ್ನು ಕೇಳಿ ಬೇಕಿದ್ದರೆ ಬದಲಿಸಿ. ಭಾರತೀಯ ಭಾಷೆಗಳಿಗಾಗಿ ಫ್ಯೂಯಲ್ ಯೋಜನೆ ಹಿಡಿದ ದಾರಿಯೂ ಇಂಥದ್ದೇ: ಹೆಚ್ಚು ಬಳಕೆಯ ಪದಗಳನ್ನು ಪಟ್ಟಿಮಾಡಿ, ಆಯಾ ಭಾಷೆಯವರು ಒಟ್ಟಿಗೆ ಕೂತು ತೀರ್ಮಾನಿಸುವುದು. ಎದುರುಬದುರು ಕೂತಾಗ, ನಡುವೆ ಕಾಫಿ ಇದ್ದಾಗ, ಅದೇ ವಾದ ಬೇರೆಯದೇ ದನಿಯಲ್ಲಿ ನಡೆಯುತ್ತದೆ.

ತಾಂತ್ರಿಕವಾಗಿ ನಾನು ಹೇಳುವುದೇ ಸರಿ. ಆದರೂ ಒಪ್ಪುತ್ತಿಲ್ಲ. ಕೊನೆಯ ಮಾತು ಯಾರದು?

ವಾದಕ್ಕಿಳಿಯುವ ಮೊದಲೇ ಇದನ್ನು ತಿಳಿದುಕೊಂಡಿರಬೇಕು, ಯಾಕೆಂದರೆ ಒಂದೊಂದು ಯೋಜನೆಯಲ್ಲೂ ಒಂದೊಂದು ಪದ್ಧತಿ. ಅಪಾಚೆ ಎಂಬ ತಂತ್ರಾಂಶ ಫೌಂಡೇಶನ್‌ನ ಯೋಜನೆಗಳಲ್ಲಿ ಮತ ಹಾಕುವುದು ಪ್ಲಸ್ ಒಂದು, ಮೈನಸ್ ಒಂದು ಎಂದು. ಕೋಡಿನ ಬದಲಾವಣೆಗೆ ಮೈನಸ್ ಒಂದು ಹಾಕಿದರೆ ಅದು ತಡೆ, ಆದರೆ ತಾಂತ್ರಿಕ ಕಾರಣ ಕೊಡದಿದ್ದರೆ ಆ ತಡೆ ನಿಲ್ಲುವುದಿಲ್ಲ. ಸಾಮಾನ್ಯವಾಗಿ 72 ಗಂಟೆ ಕಾಯುತ್ತಾರೆ, ವಾರಾಂತ್ಯದಲ್ಲಿ ಬರುವವರಿಗೂ ದೂರದ ಕಾಲವಲಯದವರಿಗೂ ಮಾತಾಡಲು ಅವಕಾಶವಾಗಲಿ ಎಂದು.

ಲಿನಕ್ಸ್‌ನ ಒಂದು ವಿತರಣೆಯಾದ ಡೆಬಿಯನ್‌ಗೆ ಸಂವಿಧಾನವೇ ಇದೆ. ಯಂತ್ರ ಶುರುವಾದಾಗ ಉಳಿದ ಸೇವೆಗಳನ್ನು ಎಬ್ಬಿಸುವ ಸಿಸ್ಟಮ್‌ಡಿ ಬೇಕೇ ಬೇಡವೇ ಎಂಬ ಜಗಳ 2014ರ ಫೆಬ್ರವರಿಯಲ್ಲಿ ಅದರ ತಾಂತ್ರಿಕ ಸಮಿತಿಗೆ ಹೋದಾಗ ಮತ 4-4 ಆಗಿ, ಅಧ್ಯಕ್ಷರ ನಿರ್ಣಾಯಕ ಮತದಿಂದ ಸಿಸ್ಟಮ್‌ಡಿ ಪರ ತೀರ್ಮಾನವಾಯಿತು. ಸೋತ ಕಡೆಯವರಲ್ಲಿ ಕೆಲವರು ಅದೇ ವರ್ಷ ಡೆವುವಾನ್ ಎಂದು ಬೇರೆ ಹೊರಟರು.

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬಹುಕಾಲ ಅದನ್ನು ರೂಪಿಸಿದ ಗಿಡೊ ವ್ಯಾನ್ ರಾಸಮ್ ಅವರದೇ ಕೊನೆಯ ಮಾತಾಗಿತ್ತು. 2018ರಲ್ಲಿ ಪಿಇಪಿ 572 ಎಂಬ ಪ್ರಸ್ತಾವದ ಮೇಲೆ, ಅಂದರೆ ವಾಕ್ಯದ ಒಳಗೇ ಚರಾಂಶಕ್ಕೆ ಬೆಲೆ ಕೊಡುವ ಒಂದು ಚಿಹ್ನೆಯ ಮೇಲೆ, ಭಾರೀ ವಾಗ್ವಾದ ನಡೆಯಿತು. ಪ್ರಸ್ತಾವ ಗೆದ್ದಿತು. ಗೆದ್ದ ಮೇಲೆ, ಜುಲೈ 12ರಂದು, ಇನ್ನು ಹೀಗೆ ಹೋರಾಡಲಾರೆ ಎಂದು ಅವರು ಆ ಸ್ಥಾನದಿಂದಲೇ ಇಳಿದರು. 2019ರಲ್ಲಿ ಐವರ ಚುನಾಯಿತ ಮಂಡಳಿ ಬಂತು. ಗೆದ್ದವರೂ ಎಷ್ಟು ಬಳಲುತ್ತಾರೆ ಎಂದು ನನಗೆ ಅರ್ಥವಾದದ್ದು ಆಗಲೇ.

ನಿಮ್ಮ ಮಾತು ಸರಿ ಎಂದಿದ್ದರೆ ಒಂದು ಸಲ ಪೂರ್ತಿಯಾಗಿ, ಅಂಕಿ ಅಂಶ ಸಮೇತ, ಬೇರೆಯವರು ಓಡಿಸಿ ನೋಡಬಹುದಾದ ಉದಾಹರಣೆಯೊಂದಿಗೆ ಬರೆಯಿರಿ. ಅದೇ ಮಾತನ್ನು ಆರನೆಯ ಸಲ ಬರೆದರೆ ಮೊದಲ ಸಲದ ತೂಕವೂ ಹೋಗುತ್ತದೆ.

ನನ್ನ ಪ್ಯಾಚ್ ತಿರಸ್ಕರಿಸಿ, ಅದನ್ನೇ ಅಷ್ಟಿಷ್ಟು ಬದಲಿಸಿ ತಮ್ಮ ಹೆಸರಲ್ಲಿ ಸೇರಿಸಿಕೊಂಡರು.

ಇದು ನೋಯಿಸುತ್ತದೆ. ಮೊದಲ ಕೊಡುಗೆಯಾದರೆ ಇನ್ನೂ ಹೆಚ್ಚು. ಆದರೂ ಮೊದಲು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದೇ ದೋಷಕ್ಕೆ ಇಬ್ಬರೂ ಬೇರೆ ಬೇರೆಯಾಗಿ ಒಂದೇ ಪರಿಹಾರಕ್ಕೆ ಬಂದಿರುವುದೂ ಉಂಟು. ನಿಮ್ಮದೇ ಎಂದು ಖಚಿತವಾದರೆ ಇಷ್ಟು ಕೇಳಿ: "ಇದು ನನ್ನ ಪ್ಯಾಚಿನ ಮೇಲೆ ಕಟ್ಟಿದ್ದು ಎಂದು ಕಾಣುತ್ತದೆ. ಸಹಲೇಖಕರ ಸಾಲಿನಲ್ಲಿ ನನ್ನ ಹೆಸರು ಸೇರಿಸಬಹುದೇ?" ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನಲ್ಲಿ 'ಕೋ-ಆಥರ್ಡ್-ಬೈ' ಇದೆ, ಕರ್ನಲ್‌ನಲ್ಲಿ 'ಕೋ-ಡೆವಲಪ್ಡ್-ಬೈ' ಇದೆ. ದೋಷ ತೋರಿಸಿದವರಿಗೆ ಕೊಡುವ 'ರಿಪೋರ್ಟೆಡ್-ಬೈ' ಬೇರೆ, ಕೋಡ್ ಬರೆದವರಿಗೆ ಸಲ್ಲಬೇಕಾದದ್ದು ಬೇರೆ. ಮೊದಲನೆಯದನ್ನು ಕೊಟ್ಟು ಸಮಾಧಾನ ಮಾಡಿದರೆ ಒಪ್ಪಬೇಕಾಗಿಲ್ಲ. ಮರ್ಜ್ ಆದ ಕಮಿಟ್ಟನ್ನು, ಅಂದರೆ ಮೂಲಕ್ಕೆ ಸೇರಿ ದಾಖಲಾದ ಬದಲಾವಣೆಯನ್ನು, ತಿದ್ದುವುದು ಕಷ್ಟ, ಆದ್ದರಿಂದ ಬೇಗ ಕೇಳಿ. ಇನ್ನೊಬ್ಬರ ಪ್ಯಾಚ್ ಎತ್ತಿಕೊಳ್ಳುವ ಮೇಂಟೇನರುಗಳಿಗೂ ನನ್ನ ಕಳಕಳಿಯ ಕೋರಿಕೆ: ಹೊಸಬರಿಗೆ ಆ ಒಂದು ಸಾಲು ಹೆಸರು ಎಷ್ಟು ದೊಡ್ಡದೆಂದು ನೆನಪಿಸಿಕೊಳ್ಳಿ.

ಒರಟುತನ ಎಲ್ಲಿ ಮುಗಿಯುತ್ತದೆ, ಕಿರುಕುಳ ಎಲ್ಲಿ ಶುರುವಾಗುತ್ತದೆ?

ಮಾತು ಕೋಡನ್ನು ಬಿಟ್ಟು ನಿಮ್ಮ ಮೈ, ಊರು, ಭಾಷೆ, ಜಾತಿ, ಲಿಂಗ, ಬುದ್ಧಿಯ ಮೇಲೆ ಹೊರಳಿದಾಗ. ಬೇಡವೆಂದ ಮೇಲೂ ಖಾಸಗಿ ಸಂದೇಶ ಬರುತ್ತಿದ್ದಾಗ. ನೀವು ಹೋದ ಇನ್ನೊಂದು ಯೋಜನೆಗೂ ಹಿಂಬಾಲಿಸಿ ಬಂದಾಗ. ಇಂಥದ್ದಕ್ಕೆ ಎರಡನೆಯ ಸಲಕ್ಕಾಗಿ ಕಾಯಬೇಕಾಗಿಲ್ಲ, ಸಮಜಾಯಿಷಿ ಕೊಡಬೇಕಾಗಿಲ್ಲ. ನೇರ ದೂರು ಕೊಡಿ.

"ಈ ಲೋಕವೇ ಹಾಗೆ, ದಪ್ಪ ಚರ್ಮ ಬೇಕು" ಎಂದು ಹೇಳುವವರು ಸಿಗುತ್ತಾರೆ. ಆ ಮಾತಿಗೆ ದೊಡ್ಡ ಆಸರೆಯಾಗಿದ್ದದ್ದು ಲಿನಕ್ಸ್ ಕರ್ನಲ್. ಅಲ್ಲೇ 2018ರ ಸೆಪ್ಟೆಂಬರ್ 16ರಂದು, 4.19ರ ನಾಲ್ಕನೆಯ ಪರೀಕ್ಷಾ ಆವೃತ್ತಿಯನ್ನು ಬಿಡುಗಡೆ ಮಾಡುವ ಪತ್ರದಲ್ಲಿ, ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ತಮ್ಮ ವರ್ಷಗಳ ಕಟುಮಾತಿಗೆ ಕ್ಷಮೆ ಕೇಳಿದರು. ಜನರ ಭಾವನೆಗಳನ್ನು ಅರ್ಥಮಾಡಿಕೊಳ್ಳಲು ನೆರವು ಪಡೆಯುತ್ತೇನೆ ಎಂದು ಸ್ವಲ್ಪ ಕಾಲ ಬಿಡುವು ತೆಗೆದುಕೊಂಡರು. ಗ್ರೆಗ್ ಕ್ರೋಹಾ-ಹಾರ್ಟ್‌ಮನ್ ಆ ಆವೃತ್ತಿಯನ್ನು ಮುಗಿಸಿಕೊಟ್ಟರು. ಅದೇ ತಿಂಗಳು ಕರ್ನಲ್‌ನ ಹಳೆಯ 'ಕೋಡ್ ಆಫ್ ಕಾನ್‌ಫ್ಲಿಕ್ಟ್' ಹೋಗಿ, ಕಾಂಟ್ರಿಬ್ಯೂಟರ್ ಕವನೆಂಟ್ ಎಂಬ ಮಾದರಿ ನಿಯಮಾವಳಿಯನ್ನು ಆಧರಿಸಿದ ಕೋಡ್ ಆಫ್ ಕಾಂಡಕ್ಟ್ (ನಡತೆಯ ನಿಯಮ) ಬಂತು. ಬಿಡುಗಡೆಗಳು ನಿಲ್ಲಲಿಲ್ಲ.

ಈ ನಿಯಮ ಕಾಗದದಲ್ಲೇ ಉಳಿದಿಲ್ಲ. 2024ರ ನವೆಂಬರ್‌ನಲ್ಲಿ ಬಿಕ್ಯಾಶ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್‌ನ ಮುಖ್ಯ ಅಭಿವೃದ್ಧಿಕಾರರು ಸಹ ಅಭಿವೃದ್ಧಿಕಾರರೊಬ್ಬರ ಬಗ್ಗೆ ಆಡಿದ ಮಾತಿಗಾಗಿ, ಕರ್ನಲ್ 6.13ರ ಸುತ್ತಿನಲ್ಲಿ ಅವರ ಕೋಡ್ ತೆಗೆದುಕೊಳ್ಳಬಾರದೆಂದು ಕೋಡ್ ಆಫ್ ಕಾಂಡಕ್ಟ್ ಸಮಿತಿ ಶಿಫಾರಸು ಮಾಡಿತು, ಅದು ಜಾರಿಗೂ ಬಂತು.

ದೂರು ಕೊಡುವುದು ಹೇಗೆ? ಕೊಟ್ಟರೆ ನನ್ನ ಹೆಸರು ಕೆಡುವುದಿಲ್ಲವೇ?

ಯೋಜನೆಯ ಕೋಡ್ ಆಫ್ ಕಾಂಡಕ್ಟ್ ಕಡತದ ಕೊನೆಯಲ್ಲಿ ಒಂದು ವಿಳಾಸವಿರುತ್ತದೆ. ಆ ವಿಳಾಸ ಯಾರ ಕೈಗೆ ಹೋಗುತ್ತದೆ ಎಂದು ಮೊದಲು ನೋಡಿ. ನಿಮ್ಮ ದೂರು ಯಾರ ಮೇಲಿದೆಯೋ ಅವರೇ ಓದುವವರಾದರೆ, ಮೇಲಿನ ಫೌಂಡೇಶನ್‌ಗೆ ಬರೆಯಿರಿ, ಅಥವಾ ಗಿಟ್‌ಹಬ್, ಗಿಟ್‌ಲ್ಯಾಬ್‌ಗಳ 'ರಿಪೋರ್ಟ್' ಬಳಸಿ.

ಬರೆಯುವಾಗ ನಡೆದದ್ದನ್ನು ನಡೆದ ಕ್ರಮದಲ್ಲಿ, ತಾರೀಖು ಹಾಕಿ ಬರೆಯಿರಿ. ಕೊಂಡಿ ಕೊಡಿ. ಕಾಮೆಂಟ್ ಅಳಿಸಿಹೋಗಬಹುದು, ಆದ್ದರಿಂದ ಮೊದಲೇ ಸ್ಕ್ರೀನ್‌ಶಾಟ್ ಇರಲಿ. ಆ ವ್ಯಕ್ತಿಯ ಮನಸ್ಸಿನಲ್ಲಿ ಏನಿತ್ತು ಎಂದು ಊಹಿಸಿ ಬರೆಯಬೇಡಿ, ನಿಮಗೆ ಏನಾಯಿತು ಎಂದು ಬರೆಯಿರಿ. ಏನು ಪರಿಹಾರ ಬೇಕೆಂದೂ ಹೇಳಿ. ಕ್ಷಮೆ ಸಾಕೋ, ನಿಮ್ಮ ಪ್ಯಾಚ್ ಬೇರೆಯವರು ನೋಡಬೇಕೋ, ನಿಮ್ಮ ಹೆಸರು ಗುಟ್ಟಾಗಿರಬೇಕೋ. ಕಾಂಟ್ರಿಬ್ಯೂಟರ್ ಕವನೆಂಟ್‌ನ 2.0 ಮತ್ತು 2.1 ಆವೃತ್ತಿಗಳಲ್ಲಿ ಶಿಸ್ತಿನ ನಾಲ್ಕು ಮೆಟ್ಟಿಲುಗಳನ್ನು ಬರೆದಿಟ್ಟಿದ್ದಾರೆ: ತಿದ್ದುವ ಮಾತು, ಎಚ್ಚರಿಕೆ, ತಾತ್ಕಾಲಿಕ ನಿಷೇಧ, ಕಾಯಂ ನಿಷೇಧ. ದೂರು ಕೊಟ್ಟ ಕೂಡಲೇ ಒಬ್ಬರ ಬದುಕು ಮುರಿಯುತ್ತದೆ ಎಂದು ಹೆದರಬೇಡಿ. ಹೆಚ್ಚಿನವು ಮೊದಲ ಮೆಟ್ಟಿಲಲ್ಲೇ ನಿಲ್ಲುತ್ತವೆ.

ಹೆಸರಿನ ಭಯ ಇದ್ದದ್ದೇ. "ನಮಗ್ಯಾಕೆ ಊರ ಉಸಾಬರಿ" ಎಂದು ಮನೆಯಲ್ಲೂ ಹೇಳುತ್ತಾರೆ. ಎಲ್ಲ ಯೋಜನೆಗಳೂ ನ್ಯಾಯವಾಗಿ ನಡೆದುಕೊಳ್ಳುತ್ತವೆ ಎಂದು ನಾನು ಭರವಸೆ ಕೊಡಲಾರೆ. ಒಂಟಿಯಾಗಿ ಮಾತ್ರ ಬರೆಯಬೇಡಿ. ನಂಬಿಕೆಯ ಒಬ್ಬರಿಗೆ ಮೊದಲು ಓದಲು ಕೊಡಿ. ಬೆಂಗಳೂರು, ಮೈಸೂರು, ಮಂಗಳೂರಿನ ಬಳಕೆದಾರರ ಗುಂಪುಗಳಲ್ಲಿ ಹಳಬರಿದ್ದಾರೆ, ಕೇಳಿದರೆ ಜೊತೆಗೆ ಕೂರುತ್ತಾರೆ.

ತಪ್ಪು ನನ್ನದೇ ಆಗಿದ್ದರೆ?

ಎಲ್ಲಿ ಮಾತಾಡಿದಿರೋ ಅಲ್ಲೇ ಕ್ಷಮೆ ಕೇಳಿ. ಎಲ್ಲರೆದುರು ಅಂದು, ಖಾಸಗಿಯಾಗಿ ಕ್ಷಮೆ ಕೇಳಿದರೆ ಅದು ಅರ್ಧ ಕ್ಷಮೆ. "ನಿಮಗೆ ಬೇಜಾರಾಗಿದ್ದರೆ" ಎಂಬ ಪದ ಸೇರಿಸಬೇಡಿ. ಹಳೆಯ ಕಾಮೆಂಟನ್ನು ಅಳಿಸದೆ ಕೆಳಗೆ ಬರೆಯಿರಿ, ಆಮೇಲೆ ಕೆಲಸಕ್ಕೆ ಮರಳಿ.

ನಾನೇ ಮೇಂಟೇನರ್. ಬಳಕೆದಾರರೊಬ್ಬರು ದಿನಾ ಬಂದು ಬೈಯುತ್ತಾರೆ.

ನೀವು ಯಾರ ಸಂಬಳದ ಆಳೂ ಅಲ್ಲ. ಗಿಟ್‌ಹಬ್‌ನಲ್ಲಿ ಚರ್ಚೆಗೆ ಬೀಗ ಹಾಕಬಹುದು, ಕಾಮೆಂಟ್ ಮರೆಮಾಡಬಹುದು, ಒಬ್ಬರನ್ನು ತಡೆಯಬಹುದು. ಗದ್ದಲ ದೊಡ್ಡದಾದರೆ ಇಡೀ ರೆಪೊಸಿಟರಿಗೆ (ಯೋಜನೆಯ ಕೋಡ್ ಇರುವ ಜಾಗಕ್ಕೆ) 24 ಗಂಟೆಯಿಂದ ಆರು ತಿಂಗಳವರೆಗೆ ಮಿತಿ ಹಾಕಿ, ಹಳೆಯ ಕೊಡುಗೆದಾರರಿಗೆ ಮಾತ್ರ ಬರೆಯಲು ಬಿಡಬಹುದು. ಇವನ್ನು ಬಳಸಲು ಹಿಂಜರಿಯಬೇಡಿ. ಬೀಗ ಹಾಕುವಾಗ ಕಾರಣ ಒಂದು ಸಾಲು ಬರೆಯಿರಿ, ಅದು ಉಳಿದ ಓದುಗರಿಗಾಗಿ.

ಆದರೆ ಬೈಯುವವರನ್ನೂ ಅರಿಯದ ಹೊಸಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಪ್ರತಿ ಅಕ್ಟೋಬರಿನಲ್ಲಿ ನಡೆಯುವ ಓಪನ್ ಸೋರ್ಸ್ ಅಭಿಯಾನ ಹ್ಯಾಕ್ಟೋಬರ್‌ಫೆಸ್ಟ್‌ನಲ್ಲಿ, 2020ರಲ್ಲಿ, ನಾಲ್ಕು ಪುಲ್ ರಿಕ್ವೆಸ್ಟ್ (ನನ್ನ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ಹಾಕಿದರೆ ಟೀಶರ್ಟ್ ಎಂದಾಗ, ರೀಡ್‌ಮಿ ಕಡತದಲ್ಲಿ ಒಂದು ಪದ ಸೇರಿಸಿದ ಸಾವಿರಾರು ರಿಕ್ವೆಸ್ಟುಗಳು ಬಂದು ಬಿದ್ದವು. ಮೇಂಟೇನರುಗಳು ರೊಚ್ಚಿಗೆದ್ದರು. ಅಕ್ಟೋಬರ್ ಮೊದಲ ವಾರದಲ್ಲೇ, ಒಪ್ಪಿದ ಯೋಜನೆಗಳಿಗೆ ಮಾತ್ರ ಎಂದು ನಿಯಮ ಬದಲಾಯಿತು. ಹಾಗೆ ಕಳಿಸಿದವರಲ್ಲಿ ನಮ್ಮ ದೇಶದ ಕಾಲೇಜು ಹುಡುಗರು ಬಹಳ ಇದ್ದರು. ವಿಡಿಯೊ ನೋಡಿ ಮಾಡಿದ್ದರು, ಅದರ ಆಚೆ ಒಬ್ಬ ಮನುಷ್ಯ ಕೂತು ಓದುತ್ತಾನೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಅಂಥ ಒಬ್ಬ ಹುಡುಗನ ರಿಕ್ವೆಸ್ಟ್ ಮುಚ್ಚುವಾಗ "ಇದು ಬೇಡ, ಕೆಲಸ ಕಲಿಯಬೇಕೆಂದಿದ್ದರೆ ಈ ಇಶ್ಯೂ ನೋಡು" ಎಂದು ನಾನೊಂದು ಕೊಂಡಿ ಕೊಟ್ಟಿದ್ದೆ. ಅವನು ಈಗಲೂ ಕೆಲಸ ಮಾಡುತ್ತಿದ್ದಾನೆ. ಈಗ ಅದೇ ಜಾಗಕ್ಕೆ ಎಐ ಬರೆದ, ಬರೆದವರೇ ಓದಿರದ ಪ್ಯಾಚ್‌ಗಳು ಬರುತ್ತಿವೆ. "ನೀವು ಇದನ್ನು ಓಡಿಸಿ ನೋಡಿದ್ದೀರಾ?" ಎಂದು ಒಮ್ಮೆ ಕೇಳಿ, ಉತ್ತರ ನೋಡಿ ಮುಂದಿನದು.

ಇಬ್ಬರು ಮೇಂಟೇನರುಗಳ ಜಗಳದ ನಡುವೆ ನನ್ನ ಪ್ಯಾಚ್ ಸಿಕ್ಕಿಕೊಂಡಿದೆ.

ಪಕ್ಷ ವಹಿಸಬೇಡಿ. "ನಿಮ್ಮಿಬ್ಬರಲ್ಲಿ ಒಮ್ಮತ ಬಂದ ಮೇಲೆ ಮುಂದುವರಿಸುತ್ತೇನೆ" ಎಂದು ಬರೆದು ಬೇರೆ ಕೆಲಸ ಹಿಡಿಯಿರಿ.

ಸಾಕಾಯಿತು. ಫೋರ್ಕ್ ಮಾಡಿಬಿಡೋಣವೇ?

ಫೋರ್ಕ್ ಎಂದರೆ ಅದೇ ಕೋಡನ್ನು ನಕಲು ಮಾಡಿಕೊಂಡು ಬೇರೆ ಯೋಜನೆಯಾಗಿ ನಡೆಸುವುದು. ಹಾಗೆ ಮಾಡುವ ಹಕ್ಕು ಲೈಸೆನ್ಸಿನಲ್ಲೇ ಇದೆ, ಅದರಲ್ಲಿ ದ್ರೋಹವೇನಿಲ್ಲ. 1997ರಲ್ಲಿ ಜಿಸಿಸಿ ಎಂಬ ಕಂಪೈಲರಿನಿಂದ ಇಜಿಸಿಎಸ್ ಬೇರೆಯಾಯಿತು. ಎರಡು ವರ್ಷದೊಳಗೆ, 1999ರಲ್ಲಿ, ಅದೇ ಅಧಿಕೃತ ಜಿಸಿಸಿ ಆಯಿತು. ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಎಂಬ ತಂತ್ರಾಂಶದಿಂದ 2014ರ ಕೊನೆಗೆ ಒಡೆದ ಐಒಜೆಎಸ್ 2015ರಲ್ಲೇ ಮರಳಿ ಕೂಡಿತು. 2010ರಲ್ಲಿ ಓಪನ್ ಆಫೀಸಿನಿಂದ ಹೊರಟ ಲಿಬ್ರೆ ಆಫೀಸ್ ತಿರುಗಿ ಬರಲಿಲ್ಲ, ಇವತ್ತು ನಾವೆಲ್ಲ ಬಳಸುವುದು ಅದನ್ನೇ. ಇವುಗಳಲ್ಲೆಲ್ಲ ಹೊರಟವರು ಒಬ್ಬರಲ್ಲ, ಕೆಲಸ ಮಾಡುತ್ತಿದ್ದ ಗುಂಪು. ಸಿಟ್ಟಿನಿಂದ ಒಬ್ಬರೇ ಮಾಡಿದ ಫೋರ್ಕಿನಲ್ಲಿ ಭದ್ರತಾ ದೋಷ ಮುಚ್ಚುವುದು, ಹೊಸ ಬಿಡುಗಡೆ ತರುವುದು, ಬಳಕೆದಾರರಿಗೆ ಉತ್ತರಿಸುವುದು ಎಲ್ಲವೂ ನಿಮ್ಮ ತಲೆಗೇ. ನಿಮ್ಮ ಜೊತೆ ಮುಂದಿನ ವರ್ಷವೂ ಇರುವ ಇನ್ನಿಬ್ಬರ ಹೆಸರು ಬರೆಯಲಾಗದಿದ್ದರೆ ಈಗಲೇ ಬೇಡ.

ಬಿಟ್ಟು ಹೋಗಬೇಕು ಅನ್ನಿಸಿದೆ. ತಪ್ಪೇ?

ತಪ್ಪಲ್ಲ. ನಿದ್ದೆ ಕೆಡಿಸುವ ಜಾಗದಲ್ಲಿ ಬಿಟ್ಟಿ ಕೆಲಸ ಮಾಡಬೇಕೆಂದು ಯಾರೂ ನಿಮ್ಮನ್ನು ಕಟ್ಟಿಹಾಕಿಲ್ಲ. ನಾನು ಕೇಳಿಕೊಳ್ಳುವುದು ಇಷ್ಟೇ: ಹೇಳಿ ಹೋಗಿ. ಅರ್ಧ ಆಗಿರುವ ಪ್ಯಾಚ್ ಯಾವುದು, ಯಾರು ಬೇಕಾದರೂ ಎತ್ತಿಕೊಳ್ಳಬಹುದೇ, ಕೀಲಿ ಪಾಸ್‌ವರ್ಡ್ ಯಾರಿಗೆ ಕೊಟ್ಟಿದ್ದೀರಿ ಎಂದು ಬರೆಯಿರಿ. ಯಾಕೆ ಹೋಗುತ್ತಿದ್ದೀರಿ ಎಂದು ಒಂದು ಸಾಲು ಸೇರಿಸಲು ಮನಸ್ಸಾದರೆ ಸೇರಿಸಿ.

ನಾನೊಮ್ಮೆ ಒಂದು ಅನುವಾದ ತಂಡ ಬಿಟ್ಟೆ. ಅಲ್ಲಿ ಒಬ್ಬರ ಮಾತು ತಡೆಯಲಾಗಲಿಲ್ಲ. ಪದಪಟ್ಟಿಯ ಮೇಲ್ಭಾಗದಲ್ಲಿ ಮೂರು ಸಾಲು ಬರೆದಿಟ್ಟೆ: ಎಲ್ಲಿಯವರೆಗೆ ಆಗಿದೆ, ಯಾವ ಪದಗಳ ಬಗ್ಗೆ ಒಮ್ಮತವಿಲ್ಲ, ನಾನು ಯಾಕೆ ಮುಂದುವರಿಯುತ್ತಿಲ್ಲ. ಎರಡು ವರ್ಷದ ಮೇಲೆ ಧಾರವಾಡದ ಒಬ್ಬ ವಿದ್ಯಾರ್ಥಿನಿಯಿಂದ ಪತ್ರ ಬಂತು. ಮೂರನೆಯ ಸಾಲು ಓದಿ ತಂಡದವರನ್ನು ಅದರ ಬಗ್ಗೆ ಕೇಳಿದ್ದಳಂತೆ. ಈಗ ರಿವ್ಯೂ ಮಾಡಲು ಒಬ್ಬರ ಬದಲು ಇಬ್ಬರಿದ್ದಾರೆ, 'ಹೊಂದಿಕೆ'ಯ ವಿಷಯ ಇನ್ನೂ ಇತ್ಯರ್ಥವಾಗಿಲ್ಲ, ನಿಮ್ಮ ಅಭಿಪ್ರಾಯವೇನು ಎಂದು ಕೇಳಿದ್ದಳು.